ನೀರಿನಲ್ಲಿ ತೂಗಿದ ಚಿನ್ನ

ಉರ್ದು ಶಾಲೆಯಲ್ಲಿ ನಮ್ಮ ಉಸ್ತಾದರು ಒಂದು ದಿನ ಗಾಜಿನ ಲೋಟದ ನೀರಿಗೆ ಕೋಳಿಮೊಟ್ಟೆ ಇಳಿಬಿಟ್ಟರು. ಅದು ತಳ ಸೇರಿತು. ಮೊಟ್ಟೆ ತೆಗೆದು, ನೀರಿಗೆ ಚಮಚ ಚಮಚ ಉಪ್ಪು ಹಾಕಿ ಕಲಕಿ ಮತ್ತೆ ಬಿಟ್ಟಾಗ ತೇಲಿತು. ‘ಕಸಾಫತ್’ ಎಂದರು. ಮುಂದೆ ಕನ್ನಡ ಹೈಸ್ಕೂಲಿನಲ್ಲೂ ಅದೇ ಮೊಟ್ಟೆ, ಅದೇ ಉಪ್ಪು. ಹೆಸರು ಮಾತ್ರ ‘ಸಾಂದ್ರತೆ’. ಅಲ್ಲಿ ಸ್ಪ್ರಿಂಗ್ ತಕ್ಕಡಿಗೆ ಕಲ್ಲು ಕಟ್ಟಿ ನೀರಿನಲ್ಲಿ ಮುಳುಗಿಸಿದಾಗ ಮುಳ್ಳು ಹಿಂದೆ ಸರಿಯಿತು. ಆಳ ಹೆಚ್ಚಿದಂತೆ ನೀರಿನ ಒತ್ತಡವೂ ಹೆಚ್ಚುತ್ತದೆ, ಹಾಗಾಗಿ ಕಲ್ಲಿನ ಅಡಿಗೆ ಬೀಳುವ ಒತ್ತಡ ನೆತ್ತಿಗಿಂತ ಜಾಸ್ತಿ, ಅದೇ ಕಲ್ಲನ್ನು ಮೇಲಕ್ಕೆ ತಳ್ಳುತ್ತದೆ ಎಂದು ಬರೆಸಿದರು. ಎರಡೂ ಶಾಲೆಗಳಲ್ಲಿ ಆರ್ಕಿಮಿಡೀಸ್‌ನ ಹೆಸರು ಕೇಳಿದೆವು. ಅಲ್ಲಿಂದ ಪಾಠ ನೇರವಾಗಿ 17ನೇ ಶತಮಾನದ ಯುರೋಪಿಗೆ ಜಿಗಿಯುತ್ತಿತ್ತು. ನಡುವಿನ ಸಾವಿರದೆಂಟುನೂರು ವರ್ಷ ಜನ ಏನನ್ನೂ ತೂಗದೆ ಕುಳಿತಿದ್ದರೇ?

ಭಾರತದ ಕುರಿತ ಗ್ರಂಥದಿಂದ ನಮಗೆ ಪರಿಚಿತರಾದ ಅಲ್ ಬಿರೂನಿ 11ನೇ ಶತಮಾನದ ಆರಂಭದಲ್ಲೇ ಇದಕ್ಕಾಗಿ ಒಂದು ಪಾತ್ರೆ ಮಾಡಿಸಿದ್ದರು. ಶಂಕುವಿನ ಆಕಾರ, ಕೊರಳಿಗೆ ಸಣ್ಣ ನಳಿಕೆ. ನಳಿಕೆಯ ಮಟ್ಟಕ್ಕೆ ನೀರು ತುಂಬಿ ಲೋಹವನ್ನು ಒಳಗೆ ಹಾಕಿದರೆ, ಹೊರಚೆಲ್ಲಿದ ನೀರನ್ನು ತೂಗಬಹುದು. ಚಿನ್ನ ನೀರಿಗಿಂತ ಸುಮಾರು 19 ಪಟ್ಟು ಭಾರವೆಂದು ಅವರ ಲೆಕ್ಕದಿಂದ ಹೊರಡುತ್ತದೆ. ಇಂದಿನ ಅಂಕಿ 19.3. ತಣ್ಣೀರಿಗೂ ಬಿಸಿನೀರಿಗೂ ತೂಕದಲ್ಲಿರುವ ವ್ಯತ್ಯಾಸವನ್ನೂ ಅವರು ಬಿಡಲಿಲ್ಲ.

ಇದು ಬರೀ ಕುತೂಹಲದ ಆಟವಾಗಿರಲಿಲ್ಲ. ನೂರು ತೊಲ ಅಪ್ಪಟ ಚಿನ್ನ ನೀರಿನಲ್ಲಿ ಐದು ತೊಲಕ್ಕಿಂತ ಸ್ವಲ್ಪ ಹೆಚ್ಚು ತೂಕ ಕಳೆದುಕೊಳ್ಳುತ್ತದೆ, ಬೆಳ್ಳಿಯಾದರೆ ಒಂಬತ್ತೂವರೆ. ನಷ್ಟ ಇವೆರಡರ ನಡುವೆ ನಿಂತರೆ ಚಿನ್ನಕ್ಕೆ ಬೆಳ್ಳಿ ಬೆರೆಸಿರಬಹುದೆಂಬ ಸಂಶಯ. ಒಡವೆಯನ್ನು ಕರಗಿಸಬೇಕಿಲ್ಲ, ಉಜ್ಜಬೇಕಿಲ್ಲ.

ಉಮರ್ ಖಯ್ಯಾಮ್‌ರ ಕಾಲದವರಾದ ಅಲ್ ಅಸ್ಫಿಜಾರಿ ಇಂಥ ಒಂದು ಜಲತಕ್ಕಡಿಯನ್ನು ಸುಲ್ತಾನರಿಗಾಗಿ ಬಹುಕಾಲ ದುಡಿದು ತಯಾರಿಸಿದರು. ತನ್ನ ಮೋಸ ಬಯಲಾದೀತೆಂದು ಹೆದರಿದ ಖಜಾನೆಯ ಅಧಿಕಾರಿ ಅದನ್ನು ಒಡೆದುಹಾಕಿದ. ಆ ಕೊರಗಿನಲ್ಲೇ ಅಸ್ಫಿಜಾರಿ ತೀರಿಕೊಂಡರೆಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಕಥೆ ಬರೆಯುವ ನಮಗೆ ಆ ಅಧಿಕಾರಿಯ ಭಯವೇ ತಕ್ಕಡಿಯ ನಿಖರತೆಗೆ ದೊಡ್ಡ ಸಾಕ್ಷಿಯೆನಿಸುತ್ತದೆ.

ಕೆಲಸ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಅದನ್ನು ಮತ್ತೆ ಕೈಗೆತ್ತಿಕೊಂಡವರು ಮರ್ವ್ ನಗರದ ಅಲ್ ಖಾಜಿನಿ. ಹುಟ್ಟಿನಿಂದ ಗ್ರೀಕ್, ಗುಲಾಮ; ಒಡೆಯನೇ ಓದಿಸಿದ್ದ. ಅವರು 1121ರಲ್ಲಿ ಸುಲ್ತಾನ್ ಸಂಜರನ ಖಜಾನೆಗಾಗಿ ಐದು ತಟ್ಟೆಗಳ ತಕ್ಕಡಿಯ ವಿವರವಿರುವ ‘ಕಿತಾಬ್ ಮೀಜಾನುಲ್ ಹಿಕ್ಮ’ ಬರೆದರು. ಸಾವಿರ ಮಿಸ್ಕಾಲ್ ತೂಕದಲ್ಲಿ ಒಂದು ಕಾಳಿನಷ್ಟು ವ್ಯತ್ಯಾಸವನ್ನೂ ಅದು ತೋರಿಸುತ್ತದೆಂಬುದು ಅವರ ಮಾತು. ನೀರಿನಂತೆ ಗಾಳಿಯೂ ವಸ್ತುವಿನ ತೂಕವನ್ನು ಕಡಿಮೆ ಮಾಡುತ್ತದೆಂದೂ ಅವರು ಕಂಡುಕೊಂಡಿದ್ದರು. ಸುಲ್ತಾನ ಕಳಿಸಿದ ಸಾವಿರ ದೀನಾರನ್ನು ಅವರು ಹಿಂದಿರುಗಿಸಿದರಂತೆ: ತಮ್ಮ ಬಳಿ ಹತ್ತು ದೀನಾರ್ ಇದೆ, ವರ್ಷದ ಖರ್ಚಿಗೆ ಮೂರು ಸಾಕು, ಮನೆಯಲ್ಲಿ ಇರುವುದು ಬೆಕ್ಕೊಂದೇ ಎಂದು.

ಆ ಗ್ರಂಥದ ಅರಬಿ ಮೂಲ ಹಿಜರಿ 1359ರಲ್ಲಿ, ಅಂದರೆ 1940ರ ಸುಮಾರಿಗೆ, ಹೈದರಾಬಾದಿನಲ್ಲಿ ಅಚ್ಚಾಯಿತು. ಆಗ ಬೀದರ್, ಗುಲ್ಬರ್ಗ, ರಾಯಚೂರುಗಳೂ ಅದೇ ನಿಜಾಮರ ರಾಜ್ಯದಲ್ಲಿದ್ದವು. ಅಷ್ಟು ಹತ್ತಿರ ಬಂದ ಪುಸ್ತಕದ ಹೆಸರನ್ನು ನಮ್ಮ ಉಸ್ತಾದರು ಒಮ್ಮೆಯೂ ಹೇಳಲಿಲ್ಲ. ಅವರಿಗೂ ಯಾರೂ ಹೇಳಿರಲಿಕ್ಕಿಲ್ಲ.