ಔಷಧದಾನವೂ ಶಾಸ್ತ್ರದಾನವೂ: ಹಾನಗಲ್ಲು ಸೀಮೆಯ ಚರಿತ್ರೆಯಲ್ಲಿ ವೈದ್ಯವಿದ್ಯೆಯ ಅಧಿಕಾರ

ಇಂದು ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ನೆಲವು ಪೂರ್ವಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ, ಪಾನುಂಗಲ್ಲು ಐನೂರು ಮೊದಲಾದ ನಾಡುಗಳಲ್ಲಿ ಹಂಚಿಹೋಗಿದ್ದಿತು. ಈ ಸೀಮೆಯ ಅರಸುಮನೆತನಗಳನ್ನೂ ದೇವಾಲಯಗಳನ್ನೂ ಕುರಿತು ವಿದ್ವಾಂಸರು ಬಹಳವಾಗಿ ಬರೆದಿರುವರು. ರೋಗಿಗೆ ಔಷಧವನ್ನು ಕೊಡುವ ಧರ್ಮವು ಇಲ್ಲಿ ಹೇಗೆ ನಡೆದು ಬಂದಿತು, ಆ ಔಷಧವನ್ನು ಕೊಡಬಲ್ಲ ವಿದ್ಯೆಯನ್ನು ಕಲಿಯುವ ಅಧಿಕಾರವು ಯಾರಿಗೆ ಇದ್ದಿತು ಎಂಬ ಎರಡು ಪ್ರಶ್ನೆಗಳಾದರೋ ಒಟ್ಟಿಗೆ ವಿಚಾರಿಸತಕ್ಕವು. ಏಕೆಂದರೆ ಇವೆರಡೂ ಒಂದೇ ಕಾಲಕ್ಕೆ ಜನರ ಕೈಗೆ ಬಂದವುಗಳಲ್ಲ. ಮೊದಲನೆಯದು ಹನ್ನೆರಡನೆಯ ಶತಮಾನದಲ್ಲಿಯೇ ಶಿಲೆಯ ಮೇಲೆ ಬರೆಯಲ್ಪಟ್ಟಿತು. ಎರಡನೆಯದರ ವಾದವು ಅದಾದ ಎಂಟುನೂರು ವರ್ಷಗಳ ತರುವಾಯ ನ್ಯಾಯಾಲಯದ ಮುಂದೆ ಬಂದಿತು.

ಹಿರೇಕೆರೂರಿನ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ದಕ್ಷಿಣ ಕೇದಾರೇಶ್ವರನ ಸ್ಥಾನವಾದ ಕೋಡಿಯಮಠವಿದ್ದಿತು. ಅದು ಕಾಳಾಮುಖ ಶೈವಾಚಾರ್ಯರ ಪೀಠ. ಇದೇ ಕಾಳಾಮುಖ ಸಂಪ್ರದಾಯದವರು ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನ ಬ್ರಹ್ಮೇಶ್ವರ ದೇವಾಲಯದಲ್ಲಿಯೂ ಸ್ಥಾನಾಚಾರ್ಯರಾಗಿದ್ದರು. ಆದುದರಿಂದ ಕೋಡಿಯಮಠದ ಕೀರ್ತಿಯು ಈ ಸೀಮೆಗೆ ಹೊರಗಿನದಲ್ಲ. ಬಿಜ್ಜಳನ ಆಳಿಕೆಯ ಕ್ರಿ. ಶ. ೧೧೬೨ರ ಶಾಸನವೊಂದು ಈ ಮಠದಲ್ಲಿ ನಡೆಯುತ್ತಿದ್ದ ಕಾರ್ಯಗಳನ್ನು ಒಂದೊಂದಾಗಿ ಎಣಿಸುತ್ತದೆ. ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದ ಮೇಲೆ ಇದು ವಿದ್ವಾಂಸರಿಗೆ ಸುಪರಿಚಿತವಾಗಿದೆ.

ಆ ಶಾಸನವು ಹೇಳುವುದನ್ನು ಎರಡು ಸಾಲುಗಳಾಗಿ ವಿಂಗಡಿಸಬಹುದು. ಒಂದು ವಿದ್ಯೆಯ ಸಾಲು. ಸಾಂಗವಾದ ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನಾದಿ ವ್ಯಾಕರಣಗಳು, ಷಡ್ದರ್ಶನಗಳು, ಲಾಕುಲ ಸಿದ್ಧಾಂತ, ಯೋಗಶಾಸ್ತ್ರ, ಪುರಾಣ, ಧರ್ಮಶಾಸ್ತ್ರ, ಕಾವ್ಯ ನಾಟಕಗಳು ಅದರಲ್ಲಿ ಬರುತ್ತವೆ. ಇನ್ನೊಂದು ದಾನದ ಸಾಲು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ನಾನಾ ಪಂಥಗಳ ಸಂನ್ಯಾಸಿಗಳು, ದಿಗಂಬರ ಕ್ಷಪಣಕರು ಸಹ ಅಲ್ಲಿ ಅನ್ನವನ್ನು ಪಡೆಯುತ್ತಿದ್ದರು. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯು ನಡೆಯುತ್ತಿತ್ತು. ಸಕಲ ಜೀವಿಗಳಿಗೆ ಅಭಯವಿತ್ತು. ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ವೈದ್ಯವು ದಾನದ ಸಾಲಿನಲ್ಲಿ ಬಂದಿದೆ. ಕುರುಡನೂ ಕುಂಟನೂ ಅನ್ನವನ್ನು ಪಡೆಯುವವರಾಗಿಯೇ ಹೇಳಲ್ಪಟ್ಟಿದ್ದಾರೆ, ಓದುವವರಾಗಿ ಅಲ್ಲ. ಮಠದ ಬಾಗಿಲು ವಿಶಾಲವಾಗಿದ್ದಿತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಬಾಗಿಲನ್ನು ದಾಟಿದ ಎಲ್ಲರೂ ಒಂದೇ ಪಡಸಾಲೆಗೆ ಹೋಗುತ್ತಿರಲಿಲ್ಲ.

ಜೈನರಲ್ಲಿಯೂ ಇದೇ ವಿಭಾಗವು ಬೇರೆ ಹೆಸರಿನಿಂದ ತೋರುವುದು. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವು ಒಂಬತ್ತು ಹತ್ತನೆಯ ಶತಮಾನಗಳಲ್ಲಿ ಜೈನವಿದ್ಯೆಯ ಕೇಂದ್ರವಾಗಿದ್ದಿತು. ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಶಸ್ತಿಯಲ್ಲಿ ಈ ಪಟ್ಟಣದ ಹೆಸರಿದೆ; ಗಂಗ ಮಾರಸಿಂಹನು ಕ್ರಿ. ಶ. ೯೭೪ರ ಸುಮಾರಿಗೆ ಇಲ್ಲಿಯೇ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟನು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಜೈನ ಶಾಸನಗಳು ಮೇಲಿಂದ ಮೇಲೆ ಹೊಗಳುತ್ತವೆ. ಭೈಷಜ್ಯವೆಂದರೆ ಔಷಧ. ಔಷಧವನ್ನು ಕೊಡುವುದು ಒಂದು ದಾನ, ಶಾಸ್ತ್ರವನ್ನು ಕೊಡುವುದು ಮತ್ತೊಂದು ದಾನವೆಂದು ಎಣಿಸಿದ ಹಿರಿಯರು ಇವುಗಳ ಭೇದವನ್ನು ಚೆನ್ನಾಗಿ ಅರಿತಿದ್ದರೆಂದೇ ಹೇಳಬೇಕು. ಏಕಾಂತದ ರಾಮಯ್ಯನ ಕಾಲದಲ್ಲಿ ಅಬ್ಬಲೂರಿನಲ್ಲಿ ಶೈವರಿಗೂ ಜೈನರಿಗೂ ಉಗ್ರವಾದ ವಿವಾದವು ನಡೆದುದನ್ನು ಅಲ್ಲಿಯ ಸೋಮೇಶ್ವರ ದೇವಾಲಯದ ಶಾಸನವು ತಿಳಿಸುತ್ತದೆ. ದೇವರನ್ನು ಕುರಿತು ಹೀಗೆ ಹೋರಾಡಿದ ಎರಡು ಮತಗಳವರಿಗೂ ರೋಗಿಗೆ ಔಷಧವು ಸಲ್ಲಬೇಕೆಂಬ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿದ್ದಂತೆ ಕಾಣದು.

ವೈದ್ಯಶಾಸ್ತ್ರವನ್ನು ಹೆಚ್ಚು ಜನರ ಬಳಿಗೆ ತಂದ ಮೊದಲನೆಯ ಪ್ರಯತ್ನವು ಭಾಷೆಯ ಮೂಲಕ ನಡೆಯಿತು. ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ಗೋವೈದ್ಯವನ್ನು ಕನ್ನಡದಲ್ಲಿ ಬರೆದನು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ರಚಿಸಿದನು. ಸಂಸ್ಕೃತವನ್ನರಿಯದ ಕನ್ನಡಿಗನಿಗೂ ಶಾಸ್ತ್ರವು ಎಟುಕುವಂತೆ ಮಾಡಿದ ಈ ಗ್ರಂಥಕಾರರನ್ನು ಕವಿಗಳ ಪಂಕ್ತಿಯಲ್ಲಿ ಎಣಿಸುವಂತೆಯೇ ವೈದ್ಯಶಿಕ್ಷಣದ ಪಂಕ್ತಿಯಲ್ಲಿಯೂ ಎಣಿಸುವುದು ಉಚಿತವಾಗಿದೆ. ಆದರೂ ಅಕ್ಷರವೇ ದೊರೆಯದವನಿಗೆ ಕನ್ನಡ ಗ್ರಂಥವೂ ಸಂಸ್ಕೃತ ಗ್ರಂಥದಷ್ಟೇ ದೂರ.

ದಾನವನ್ನು ಪಡೆಯುವವನನ್ನೇ ವಿದ್ಯೆಗೆ ಅಧಿಕಾರಿಯನ್ನಾಗಿ ಮಾಡಿದ ಸ್ಪಷ್ಟವಾದ ಉದಾಹರಣೆಯು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹಾನಗಲ್ಲಿನಲ್ಲಿ ದೊರೆಯುವುದು. ಅದು ವೈದ್ಯಕ್ಕೆ ಸೇರಿದುದಲ್ಲ, ಸಂಗೀತಕ್ಕೆ ಸೇರಿದುದು. ಆದರೆ ಅದರ ತತ್ತ್ವವು ಇಲ್ಲಿ ಅವಶ್ಯವಾಗಿದೆ. ಹಾನಗಲ್ಲು ವಿರಕ್ತಮಠದ ಕುಮಾರಸ್ವಾಮಿಗಳು (೧೮೬೭–೧೯೩೦) ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಇಬ್ಬರು ಅಂಧ ಸೋದರರನ್ನು ಆಶ್ರಯಕ್ಕೆ ತೆಗೆದುಕೊಂಡು ಸಂಗೀತವನ್ನು ಕಲಿಸಿದರು. ಅವರಲ್ಲಿ ಒಬ್ಬರು ಮುಂದೆ ಪಂಚಾಕ್ಷರಿ ಗವಾಯಿಗಳೆಂದು (೧೮೯೨–೧೯೪೪) ಪ್ರಸಿದ್ಧರಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (೧೯೧೪–೨೦೧೦) ಅಂಧರೇ. ಕೋಡಿಯಮಠದಲ್ಲಿ ಕುರುಡನಿಗೆ ಅನ್ನವು ದೊರೆಯಿತು. ಹಾನಗಲ್ಲಿನಲ್ಲಿ ಕುರುಡನಿಗೆ ಗುರುಸ್ಥಾನವು ದೊರೆಯಿತು.

ವೈದ್ಯವಿದ್ಯೆಯಲ್ಲಿ ಈ ಹೆಜ್ಜೆಯನ್ನಿಡಲು ಬಹುಕಾಲ ಹಿಡಿಯಿತು. ಆಧುನಿಕ ವೈದ್ಯಶಿಕ್ಷಣಕ್ಕೆ ಮುಂಬಯಿ ಇಲಾಖೆಯಲ್ಲಿ ೧೮೪೫ರಲ್ಲಿ ಗ್ರಾಂಟ್ ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ಧಾರವಾಡ ಜಿಲ್ಲೆಯು ಆ ಇಲಾಖೆಗೆ ಸೇರಿದ್ದರೂ ಹಾನಗಲ್ಲಿನ ಒಕ್ಕಲಿಗನ ಮಗನಿಗೆ ಮುಂಬಯಿಯು ಊರಿನಿಂದಲೂ, ಭಾಷೆಯಿಂದಲೂ, ವೆಚ್ಚದಿಂದಲೂ ದೂರವಾಗಿದ್ದಿತು. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು ೧೯೨೪ರಲ್ಲಿ ಆರಂಭವಾಯಿತಾದರೂ ಅದು ಬೇರೊಂದು ಸಂಸ್ಥಾನದ್ದು. ೧೯೫೬ರ ನವಂಬರ್ ೧ರಂದು ಕನ್ನಡನಾಡು ಒಂದಾಗಿ, ಮರುವರ್ಷ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಸ್ಥಾಪಿತವಾದ ಮೇಲೆ ದೂರದ ತೊಡಕು ಬಹುಮಟ್ಟಿಗೆ ಕಳೆಯಿತು. ಆಗ ಅದರ ಹಿಂದೆ ಅಡಗಿದ್ದ ಇನ್ನೊಂದು ತೊಡಕು ಎದ್ದು ಕಂಡಿತು. ಕಾಲೇಜಿನ ಸ್ಥಾನಗಳು ಕೆಲವೇ. ಅವು ಯಾರಿಗೆ ಸಲ್ಲತಕ್ಕವು?

ಈ ಪ್ರಶ್ನೆಯು ಕರ್ನಾಟಕಕ್ಕೆ ಮಾತ್ರ ಸೇರಿದುದಾಗಿರಲಿಲ್ಲ. ಮದರಾಸು ಸರ್ಕಾರದ ಕೋಮುವಾರು ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ೧೯೫೧ರಲ್ಲಿ ತಳ್ಳಿಹಾಕಿದ ಮೊಕದ್ದಮೆಯೂ ವೈದ್ಯಕೀಯ, ಇಂಜನಿಯರಿಂಗ್ ಕಾಲೇಜುಗಳ ಪ್ರವೇಶವನ್ನೇ ಕುರಿತುದು. ಅದರ ಫಲವಾಗಿ ಅದೇ ವರ್ಷ ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿಯಾಗಿ ಹದಿನೈದನೆಯ ವಿಧಿಗೆ ನಾಲ್ಕನೆಯ ಖಂಡವು ಸೇರಿತು. ಮೈಸೂರು ರಾಜ್ಯದಲ್ಲಿ ಡಾ. ಆರ್. ನಾಗನಗೌಡರ ಸಮಿತಿಯು ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಓದುವವರನ್ನು ಎಣಿಸಿತು. ರಾಜ್ಯದ ಸರಾಸರಿಯು ಸಾವಿರ ಜನಕ್ಕೆ ೬.೯ ಎಂದು ಕಂಡುಬಂದಿತು. ಈ ಸಮಿತಿಯ ವರದಿಯನ್ನು ಆಧರಿಸಿ ಸರ್ಕಾರವು ೧೯೬೨ರ ಜುಲೈ ೩೧ರಂದು ವೈದ್ಯಕೀಯ, ಇಂಜನಿಯರಿಂಗ್ ಕಾಲೇಜುಗಳಲ್ಲಿ ಹಿಂದುಳಿದವರಿಗೆ ನೂರಕ್ಕೆ ೫೦, ಪರಿಶಿಷ್ಟ ಜಾತಿಗಳಿಗೆ ೧೫, ಪರಿಶಿಷ್ಟ ಪಂಗಡಗಳಿಗೆ ೩, ಒಟ್ಟು ೬೮ ಸ್ಥಾನಗಳನ್ನು ಕಾದಿರಿಸಿತು.

ಬಾಲಾಜಿ ಮೊಕದ್ದಮೆಯೆಂದು ಹೆಸರಾದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಈ ಆಜ್ಞೆಯನ್ನು ರದ್ದು ಮಾಡಿತು. ಜಾತಿಯೊಂದೇ ಹಿಂದುಳಿಯುವಿಕೆಯ ಅಳತೆಯಾಗಲಾರದು, ಮೀಸಲಾತಿಯು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಮೆಯಿರತಕ್ಕದ್ದು, ಯೋಗ್ಯರಾದ ವಿದ್ಯಾರ್ಥಿಗಳು ಹೊರಗುಳಿದರೆ ದೇಶಕ್ಕೆ ಹಾನಿಯಾಗುವುದು ಎಂಬುದು ತೀರ್ಪಿನ ಸಾರ. ಈ ಆತಂಕವನ್ನು ಹಗುರವಾಗಿ ಕಾಣಲಾಗದು. ರೋಗಿಯ ಪ್ರಾಣವು ವೈದ್ಯನ ಯೋಗ್ಯತೆಯನ್ನು ಅವಲಂಬಿಸಿದೆ. ಇದಕ್ಕೆ ಪ್ರತಿಯಾದ ಮಾತೂ ಅಷ್ಟೇ ಬಲವುಳ್ಳದ್ದು. ಯಾವ ಕೇರಿಯಿಂದ ಒಬ್ಬನೂ ವೈದ್ಯನಾಗಿ ಬಂದಿಲ್ಲವೋ ಆ ಕೇರಿಯ ರೋಗಿಯು ವೈದ್ಯನ ಮುಂದೆ ತನ್ನ ನೋವನ್ನು ಹೇಳಿಕೊಳ್ಳುವುದಕ್ಕೂ ಅಂಜುವನು. ೧೯೬೪ರ ಚಿತ್ರಲೇಖಾ ಮೊಕದ್ದಮೆಯ ಹೊತ್ತಿಗೆ ಸರ್ಕಾರವು ಜಾತಿಯನ್ನು ಬಿಟ್ಟು ವರಮಾನವನ್ನೂ ಕಸಬನ್ನೂ ಅಳತೆಯಾಗಿ ಹಿಡಿದಿತ್ತು. ವರ್ಷಕ್ಕೆ ೧೨೦೦ ರೂಪಾಯಿಗಳನ್ನು ಮೀರದ ವರಮಾನವುಳ್ಳ ರೈತರು, ಸಣ್ಣ ವ್ಯಾಪಾರಿಗಳು, ಕುಶಲಕರ್ಮಿಗಳು, ಕೂಲಿಕಾರರು ಮೊದಲಾದವರ ಮಕ್ಕಳಿಗೆ ನೂರಕ್ಕೆ ೩೦ ಸ್ಥಾನಗಳು ಮೀಸಲಾಗಿದ್ದವು. ನ್ಯಾಯಾಲಯವು ಇದನ್ನು ಒಪ್ಪಿತು.

ವರಮಾನವೊಂದರಿಂದಲೇ ಅವಮಾನವನ್ನು ಅಳೆಯಲಾಗದೆಂಬ ಮಾತನ್ನು ಸವಿಸ್ತಾರವಾಗಿ ಪ್ರತಿಪಾದಿಸಿದವರು ಇದೇ ಸೀಮೆಯವರು. ರಾಣೆಬೆನ್ನೂರಿನಲ್ಲಿ ಹುಟ್ಟಿದ ಎಲ್. ಜಿ. ಹಾವನೂರರನ್ನು (೧೯೨೭–೨೦೦೦) ದೇವರಾಜ ಅರಸರ ಸರ್ಕಾರವು ೧೯೭೨ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರನ್ನಾಗಿ ನೇಮಿಸಿತು. ಅವರ ವರದಿಯು ೧೯೭೫ರಲ್ಲಿ ಸಿದ್ಧವಾಯಿತು. ಅದನ್ನನುಸರಿಸಿ ೧೯೭೭ರಲ್ಲಿ ಆಜ್ಞೆಗಳು ಹೊರಟವು. ಹಾವನೂರರು ವೈದ್ಯರಲ್ಲ, ನ್ಯಾಯವಾದಿಗಳು. ಆದರೂ ಕರ್ನಾಟಕದ ವೈದ್ಯಕೀಯ ಕಾಲೇಜುಗಳ ತರಗತಿಗಳಲ್ಲಿ ಯಾರು ಕುಳಿತಿರುವರು ಎಂಬುದನ್ನು ಬದಲಿಸಿದವರಲ್ಲಿ ಅವರ ಹೆಸರು ಮೊದಲು ಬರತಕ್ಕದ್ದು. ತರುವಾಯ ಗ್ರಾಮಗಳಲ್ಲಿ ಓದಿದವರಿಗೆ ನೂರಕ್ಕೆ ೧೫, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ ೫ ಎಂಬ ಮೀಸಲು ಸೇರಿತು. ಸೋಮನಾಥ ಮಂಗರಾಜರು ಶಾಸ್ತ್ರವನ್ನು ಕನ್ನಡಕ್ಕೆ ತಂದರೆ, ಈ ನಿಯಮವು ಕನ್ನಡದಲ್ಲಿ ಓದಿದವನನ್ನು ಶಾಸ್ತ್ರದ ಬಳಿಗೆ ಕರೆತಂದಿತು. ೧೯೯೭ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಹಾವೇರಿಗೆ ೨೦೨೨–೨೩ರಲ್ಲಿ ತನ್ನದೇ ಆದ ಸರ್ಕಾರಿ ವೈದ್ಯಕೀಯ ಕಾಲೇಜು ದೊರೆಯಿತು. ಅಂಗವೈಕಲ್ಯದ ಪ್ರಮಾಣವೊಂದನ್ನೇ ನೋಡಿ ವೈದ್ಯಶಿಕ್ಷಣವನ್ನು ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೪ರ ಅಕ್ಟೋಬರಿನಲ್ಲಿ ತೀರ್ಮಾನಿಸಿದಾಗ, ಕೋಡಿಯಮಠದ ದಾನದ ಸಾಲಿನಲ್ಲಿ ನಿಂತಿದ್ದವರು ವಿದ್ಯೆಯ ಸಾಲಿಗೆ ಬರುವ ದಾರಿಯು ತೆರೆದಂತಾಯಿತು.

ಇಷ್ಟರಿಂದ ಚರಿತ್ರೆಯು ಮುಗಿಯಿತೆಂದು ಭಾವಿಸತಕ್ಕದ್ದಲ್ಲ. ೨೦೧೦ರ ಜುಲೈಯಲ್ಲಿ ಸವಣೂರಿನ ಭಂಗಿ ಸಮುದಾಯದವರು, ತಾವು ವಾಸವಾಗಿದ್ದ ನೆಲವನ್ನು ಬಿಡಬೇಕಾಗಿ ಬಂದಾಗ, ಹಗಲು ಹೊತ್ತಿನಲ್ಲಿ ಜನರೆದುರಿಗೆ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾನೂನು ೧೯೯೩ರಲ್ಲಿಯೇ ಬಂದಿದ್ದಿತು. ಊರಿನ ಆರೋಗ್ಯವನ್ನು ತಲೆತಲಾಂತರದಿಂದ ಕಾಯ್ದವರು ಇವರೇ. ಆರೋಗ್ಯದ ಶಾಸ್ತ್ರವು ಯಾರ ಮನೆಯ ಹೊಸ್ತಿಲನ್ನು ಎಲ್ಲರಿಗಿಂತ ಕಡೆಯಲ್ಲಿ ಮುಟ್ಟುವುದೋ ಅವರೂ ಇವರೇ. ಜೈನರು ಎಣಿಸಿದ ನಾಲ್ಕು ದಾನಗಳಲ್ಲಿ ಇವರಿಗೆ ಅಭಯವೇ ದೊರೆತಿರಲಿಲ್ಲ. ಭೈಷಜ್ಯ, ಶಾಸ್ತ್ರಗಳ ಮಾತು ಅದರಾಚೆಯದು.

ಹಾನಗಲ್ಲು ಸೀಮೆಯ ಈ ಚರಿತ್ರೆಯಿಂದ ತಿಳಿದುಬರುವುದಿಷ್ಟು. ಔಷಧವನ್ನು ಕೊಡುವ ಕೈಯು ಉದಾರವಾಗಿದ್ದರೂ, ಶಾಸ್ತ್ರವನ್ನು ಪಡೆಯದವನು ಎಂದೆಂದಿಗೂ ರೋಗಿಯಾಗಿಯೇ ಬಾಗಿಲಲ್ಲಿ ನಿಲ್ಲಬೇಕಾಗುವುದು. ಆ ಎರಡು ದಾನಗಳ ನಡುವಣ ಅಂತರವನ್ನು ಕಡಮೆ ಮಾಡಲು ಗ್ರಂಥಕಾರರು ಭಾಷೆಯಿಂದಲೂ, ಮಠಾಧಿಪತಿಗಳು ಆಶ್ರಯದಿಂದಲೂ, ನ್ಯಾಯವಾದಿಗಳು ವಾದದಿಂದಲೂ ದುಡಿದರು. ೧೧೬೨ರ ಕಲ್ಲು ಕೋಡಿಯಮಠದಲ್ಲಿ ಅನ್ನವನ್ನು ಪಡೆದವರನ್ನು ಎಣಿಸಿತು. ಹಾವೇರಿಯ ಹೊಸ ಕಾಲೇಜಿನ ದಾಖಲೆಯ ಪುಸ್ತಕದಲ್ಲಿ ಸವಣೂರಿನ ಆ ಕೇರಿಯ ಮಗುವೊಂದರ ಹೆಸರು ಬರುವ ದಿನ, ಆ ಎಣಿಕೆಯು ಪೂರ್ಣವಾದಂತೆ.