ಪೈಪ್‌ವೈರ್
ಲಿನಕ್ಸ್ ಗಣಕಗಳಲ್ಲಿ ತಂತ್ರಾಂಶಗಳಿಗೂ ಧ್ವನಿಸಾಧನಗಳಿಗೂ ನಡುವೆ ನಿಂತು, ಹಲವು ಶಬ್ದಪ್ರವಾಹಗಳನ್ನು ಬೆರೆಸಿ ಸಲ್ಲಬೇಕಾದೆಡೆಗೆ ಹರಿಯಿಸುವ ಮಧ್ಯವರ್ತಿ ವ್ಯವಸ್ಥೆ. ರೆಡ್ ಹ್ಯಾಟ್ ಸಂಸ್ಥೆಯ ವಿಮ್ ಟೇಮನ್ಸ್ ಎಂಬುವರು ಮೊದಲು ವಿಡಿಯೊ ಪ್ರವಾಹಗಳಿಗೆಂದೇ ಆರಂಭಿಸಿದ ಇದು, ಕಾಲಕ್ರಮದಲ್ಲಿ ಧ್ವನಿಯನ್ನೂ ಒಳಗೊಂಡು, ಸಾಮಾನ್ಯ ಬಳಕೆಯ ಪಲ್ಸ್‌ಆಡಿಯೊ, ಸಂಗೀತಮುದ್ರಣಕಾರರ ಜ್ಯಾಕ್ ಎಂಬ ಪೂರ್ವವ್ಯವಸ್ಥೆಗಳೆರಡರ ಕಾರ್ಯವನ್ನೂ ತಾನೊಂದೇ ವಹಿಸಿಕೊಂಡಿತು. 2021ರಲ್ಲಿ ಫೆಡೋರಾ 34, ಮರುವರ್ಷ ಉಬುಂಟು 22.10 ಇದನ್ನೇ ಸಹಜವ್ಯವಸ್ಥೆಯನ್ನಾಗಿ ಅಂಗೀಕರಿಸಿದುವು. ಯಂತ್ರದೊಡನೆ ನೇರವಾಗಿ ವ್ಯವಹರಿಸುವ ಆಲ್ಸಾ ಮಾತ್ರ ಕರ್ನೆಲ್ಲಿನಲ್ಲಿ ಯಥಾಸ್ಥಿತವಾಗಿ ಉಳಿಯುವುದರಿಂದ, ಈ ಪರಿವರ್ತನೆಯು, ಕೆಲವರು ಅಂಜುವಂತೆ, ತಳಹದಿಯನ್ನು ಅಲುಗಿಸತಕ್ಕದ್ದಲ್ಲ. ಹಳೆಯ ಪಲ್ಸ್‌ಆಡಿಯೊ ಸೇವೆಯನ್ನು ನಿಲ್ಲಿಸಿ ಪೈಪ್‌ವೈರ್-ಪಲ್ಸ್ ಎಂಬ ಪ್ರತಿನಿಧಿಯನ್ನು ನೆಲೆಗೊಳಿಸಿದರೆ, ಪಲ್ಸ್‌ಆಡಿಯೊವನ್ನೇ ಅರಸಿ ಬರುವ ತಂತ್ರಾಂಶಗಳು ಈ ವೇಷಾಂತರವನ್ನರಿಯದೆಯೇ ನುಡಿಯತೊಡಗುವುವು. ಹಳೆಯ ಸೇವೆಯೂ ಈ ಪ್ರತಿನಿಧಿಯೂ ಒಟ್ಟಿಗೆ ಎದ್ದರೆ, ತಂತ್ರಾಂಶಗಳು ಸಂಪರ್ಕಿಸುವ ಒಂದೇ ಸಾಕೆಟ್ಟಿಗೆ ಇಬ್ಬರು ವಾರಸುದಾರರಾಗಿ ತೊಡಕುಂಟಾಗಬಹುದು.