ಶಸ್ತ್ರಚಿಕಿತ್ಸಾ ಸಿಮ್ಯುಲೇಟರ್: ಕೌಶಲ ವರ್ಗಾವಣೆಯ ಚರಿತ್ರೆ

ಒಂದು ಕೆಲಸದಲ್ಲಿ ಪಳಗಿದ ಕೈ ಇನ್ನೊಂದು ಕೆಲಸಕ್ಕೂ ಒದಗುವುದನ್ನು ಕೌಶಲ ವರ್ಗಾವಣೆ ಎನ್ನುತ್ತಾರೆ. ಎರಡೂ ಕೆಲಸಗಳಲ್ಲಿ ಸಮಾನ ಅಂಶಗಳು ಇದ್ದಷ್ಟು ಮಾತ್ರ ಕಲಿಕೆ ದಾಟುತ್ತದೆಂದು ಮನಶ್ಶಾಸ್ತ್ರಜ್ಞರಾದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ 1901ರಲ್ಲೇ ವಾದಿಸಿದ್ದರು. ಶಸ್ತ್ರವೈದ್ಯರಿಗೆ ಈ ಮಾತಿನ ಬಿಸಿ ತಟ್ಟಿದ್ದು, ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾದ ಚಿತ್ರ ನೋಡುತ್ತ ಮಾಡುವ ಲ್ಯಾಪರೊಸ್ಕೋಪಿ ಬಂದ ಮೇಲೆ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಈ ವಿಧಾನದಲ್ಲಿ ಪಿತ್ತಕೋಶ ತೆಗೆದರು. ಇಲ್ಲಿ ಉಪಕರಣ ಹೊಟ್ಟೆಯ ರಂಧ್ರವನ್ನೇ ಆಧಾರವಾಗಿಸಿಕೊಂಡು ಏತದ ಮರದಂತೆ ಆಡುತ್ತದೆ. ಹಿಡಿ ಎಡಕ್ಕೆ ಹೋದರೆ ತುದಿ ಬಲಕ್ಕೆ. ಕಣ್ಣಿಗೆ ಕಾಣುವುದು ಚಪ್ಪಟೆ ಪರದೆ ಮಾತ್ರ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ನುರಿತವರೂ ಇಲ್ಲಿ ತಡವರಿಸಿದರು.

1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಮಿಸ್ಟ್-ವಿಆರ್ ಸಿಮ್ಯುಲೇಟರ್‌ನಲ್ಲಿ ಅಂಗಾಂಗಗಳಾಗಲಿ ರಕ್ತವಾಗಲಿ ಇರಲಿಲ್ಲ. ಪರದೆಯ ಮೇಲಿನ ಗೋಲವೊಂದನ್ನು ಹಿಡಿದು, ಗೆರೆಗಳಿಂದ ಬರೆದ ಪೆಟ್ಟಿಗೆಯೊಳಗೆ ಇಡಬೇಕು, ಅಷ್ಟೆ. ಯೇಲ್ ವಿಶ್ವವಿದ್ಯಾಲಯದವರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 16 ತರಬೇತಿ ವೈದ್ಯರ ಪೈಕಿ ಅರ್ಧದಷ್ಟು ಮಂದಿ, ಅನುಭವಿಗಳ ಮಟ್ಟ ಮುಟ್ಟುವವರೆಗೆ ಇದರಲ್ಲಿ ಅಭ್ಯಾಸ ಮಾಡಿದರು. ನಿಜವಾದ ರೋಗಿಯಲ್ಲಿ ಯಕೃತ್ತಿನಿಂದ ಪಿತ್ತಕೋಶ ಬಿಡಿಸುವಾಗ ಅವರು ಶೇ. 29ರಷ್ಟು ವೇಗವಾಗಿದ್ದರು, ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇರೆಡೆ ಸುಡುವ ಸಂಭವ ಈ ಅಭ್ಯಾಸ ಮಾಡದ ಗುಂಪಿನಲ್ಲಿ ಐದು ಪಟ್ಟು ಹೆಚ್ಚಿತ್ತು. 2009ರ ಡೆನ್ಮಾರ್ಕ್ ಪ್ರಯೋಗದಲ್ಲಿ ಲ್ಯಾಪ್‌ಸಿಮ್ ಎಂಬ ಇನ್ನೊಂದು ಸಿಮ್ಯುಲೇಟರ್‌ನಲ್ಲಿ ಕಲಿತವರು ಅಂಡನಾಳ ತೆಗೆಯಲು 12 ನಿಮಿಷ ತೆಗೆದುಕೊಂಡರೆ ಉಳಿದವರಿಗೆ 24 ನಿಮಿಷ ಬೇಕಾಯಿತು. ಅಂಗಗಳೇ ಇಲ್ಲದ ಮಿಸ್ಟ್-ವಿಆರ್ ಕೂಡ ಫಲ ಕೊಟ್ಟಿತೆಂದಮೇಲೆ ದಾಟಿದ್ದು ಚಿತ್ರದ ನೈಜತೆಯಲ್ಲ, ಕೈ-ಕಣ್ಣಿನ ಹೊಂದಾಣಿಕೆ.

ಇಂಥ ಪ್ರಯೋಗಗಳು ತೀರ ಚಿಕ್ಕವು ಎಂಬ ಆಕ್ಷೇಪ ನ್ಯಾಯವೇ. ಆದರೆ ಬೇರೆ ಯಂತ್ರ, ಬೇರೆ ದೇಶ, ಬೇರೆ ಅಂಗ. ಹೀಗಿದ್ದೂ ಫಲಿತಾಂಶ ಒಂದೇ ದಿಕ್ಕಿಗೆ ವಾಲಿದ್ದನ್ನು ಬರಿಯ ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ. ಸ್ಪರ್ಶದ ಅನುಭವವಿಲ್ಲದ ಯಂತ್ರ ಏನು ಕಲಿಸೀತು ಎಂಬ ಇನ್ನೊಂದು ಆಕ್ಷೇಪಕ್ಕೆ ಮಿಸ್ಟ್-ವಿಆರ್ ತಾನೇ ಉತ್ತರ: ಅದಕ್ಕೆ ಸ್ಪರ್ಶವೇ ಇರಲಿಲ್ಲ. ಹಾಗಿದ್ದರೆ ಕಂಪ್ಯೂಟರ್ ಬೇಡದ, ನಿಜವಾದ ಉಪಕರಣಗಳನ್ನು ಒಳಗೆ ತೂರಿಸಿ ಅಭ್ಯಾಸ ಮಾಡುವ ಅಗ್ಗದ ತರಬೇತಿ ಪೆಟ್ಟಿಗೆಯೇ ಸಾಲದೇ? ಮೂಲ ಚಲನೆಗಳಿಗೆ ಬಹುಮಟ್ಟಿಗೆ ಸಾಕು. ಅಮೆರಿಕದ ಸರ್ಜರಿ ಮಂಡಳಿ ಕಡ್ಡಾಯಗೊಳಿಸಿದ, ಲ್ಯಾಪರೊಸ್ಕೋಪಿಯ ಮೂಲ ಕೌಶಲ ಅಳೆಯುವ ಎಫ್‌ಎಲ್‌ಎಸ್ ಪರೀಕ್ಷೆಯ ಕೈಕೆಲಸದ ಭಾಗ ನಡೆಯುವುದೂ ಇಂಥ ಪೆಟ್ಟಿಗೆಯಲ್ಲೇ. ಇದು ದಾಟುವುದು ಕೈ-ಕಣ್ಣಿನ ಹೊಂದಾಣಿಕೆ ಎಂಬ ವಾದವನ್ನು ಗಟ್ಟಿಗೊಳಿಸುತ್ತದೆಯೇ ಹೊರತು ಕೆಡಿಸುವುದಿಲ್ಲ. ಯಂತ್ರದ ಹೆಚ್ಚುಗಾರಿಕೆ ಇರುವುದು ತಪ್ಪನ್ನು ತಾನೇ ಎಣಿಸುವುದರಲ್ಲಿ. ಆದರೆ ಪ್ರತಿ ಸಿಮ್ಯುಲೇಟರ್‌ನ ಎಣಿಕೆಯ ಬಗೆ ಬೇರೆ. ಹೀಗಾಗಿ ಕೌಶಲ ದಾಟಿದರೂ ಅಂಕ ದಾಟದು, ಉತ್ತೀರ್ಣತೆಯ ಗೆರೆಯನ್ನು ಆಯಾ ಯಂತ್ರದಲ್ಲೇ ಎಳೆಯಬೇಕು. ಸಮಾನ ಅಂಶಗಳ ನಿಯಮವೇ ಮಿತಿಯನ್ನೂ ಹೇಳುತ್ತದೆ: ಕತ್ತರಿಸಬೇಕಾದ ನಾಳ ಯಾವುದೆಂದು ಗುರುತಿಸುವ ವಿವೇಕವನ್ನು ಗೋಲ ಹಿಡಿಯುವ ಅಭ್ಯಾಸ ಕೊಡಲಾರದು.